ಬೀಗರ ಮನೆಯ ಬಿಯರು

ನೊರೆ ಬರುವ ಯಾವ ಪದಾರ್ಥವನ್ನೂ ನಾನು ನಂಬುವವಳಲ್ಲ. ಹಾಲಿನ ಮೇಲೆ ನೊರೆ ಇದ್ದರೆ ಅಳತೆಯಲ್ಲಿ ಮೋಸ. ಹಳ್ಳ ನೊರೆ ಕಾರುತ್ತ ಬಂದರೆ ದಾಟಬೇಡ ಎಂದು ಅರ್ಥ. ಎತ್ತಿನ ಬಾಯಲ್ಲಿ ನೊರೆ ಬಂದರೆ ಹೂಡಿದವನಿಗೆ ಬುದ್ಧಿ ಇಲ್ಲ ಎಂದು ಅರ್ಥ. ಜೋಳದ ಅಂಬಲಿ ಒಂದು ದಿನ ಹೆಚ್ಚಿಗೆ ಉಳಿದು ಮೇಲೆ ನೊರೆ ಕಟ್ಟಿತೋ, ಅದು ನಮಗಲ್ಲ, ಎಮ್ಮೆಗೆ. ಸೋಪಿನ ಮಾತು ಬಿಡಿ, ಅದನ್ನು ಯಾರೂ ತಿನ್ನುವುದಿಲ್ಲ. ಹೀಗೆ ಎಪ್ಪತ್ತು ದಾಟಿದರೂ ನೊರೆಯ ವಿಷಯದಲ್ಲಿ ನನ್ನ ತಲೆ ಸ್ವಚ್ಛವಾಗಿತ್ತು. ಈ ಬೇಸಿಗೆಯ ಒಂದು ಭಾನುವಾರ ಅದು ಕೆಟ್ಟಿತು. ಇನ್ನೂ ರಿಪೇರಿ ಆಗಿಲ್ಲ. ಬರೆದರೆ ಸರಿಹೋದೀತು ಎಂದು ಕೂತಿದ್ದೇನೆ. ಹೋಗದಿದ್ದರೆ ನೀವಾದರೂ ಯೋಚನೆ ಮಾಡಿ.

ನನ್ನ ಮೊಮ್ಮಗಳು ನಾಗವೇಣಿ ದೇವದುರ್ಗದಲ್ಲಿ ದನದ ಡಾಕ್ಟರು. ನಾನು ಅವಳ ಜೊತೆಗೇ ಇದ್ದೇನೆ. ಅವಳು ಅಡುಗೆ ಮಾಡುವುದಿಲ್ಲ, ನಾನು ಇಂಜೆಕ್ಷನ್ ಮಾಡುವುದಿಲ್ಲ, ಹಾಗಾಗಿ ಜಗಳ ಕಡಿಮೆ. ಬಂದ ಗಂಡುಗಳನ್ನೆಲ್ಲ ಅವಳು ಒಂದೇ ಕಾರಣ ಹೇಳಿ ಬೇಡವೆಂದಳು: ಎಮ್ಮೆಗೆ ಹೆದರುತ್ತಾನೆ. ಇದು ಕಾರಣವೇ ಎಂದು ಅವಳ ಅಪ್ಪ, ಅಂದರೆ ನನ್ನ ಮಗ ಅಮರೇಶ, ಕೂಗಾಡಿದ. ಕಾರಣ ಒಳ್ಳೆಯದೇ ಇದೆ ಎಂದು ನಾನು ಹೇಳಿದೆ. ಕಡೆಗೆ ಒಬ್ಬನನ್ನು ಅವಳೇ ಹುಡುಕಿಕೊಂಡಳು. ಹೆಸರು ಹನುಮೇಶ, ಮಾನ್ವಿಯವನು, ನಮ್ಮವರೇ. ಕೆಲಸ ಏನು ಎಂದು ಕೇಳಿದೆ.

"ರಾಯಚೂರಾಗ ಬಿಯರ್ ಮಾಡ್ತಾನ, ಆಯಿ."

"ಮಾರ್ತಾನಾ?"

"ಮಾರಂಗಿಲ್ಲ. ಮಾಡ್ತಾನ. ಹೈದರಾಬಾದಿನಾಗ ಕಲ್ತು ಬಂದಾನ."

"ಕತ್ತಿ ನಾ ಮಾಡೀನಿ, ಕುತ್ತಿಗಿ ನಾ ಕೊಯ್ದಿಲ್ಲ ಅಂದಂಗಾತು," ಎಂದೆ. ಅವಳು ತಟ್ಟೆ ತೊಳೆದಿಟ್ಟು ಒಳಗೆ ಹೋದಳು.

ಇವರ ಪರಿಚಯ ಆದದ್ದೂ ಒಂದು ಎಮ್ಮೆಯಿಂದ. ಬಿಯರು ಕುದಿಸಿದ ಮೇಲೆ ಕಾಳಿನ ಚರಟ ಉಳಿಯುತ್ತದಂತೆ. ಗಬ್ಬೂರಿನ ರೈತನೊಬ್ಬ ಅದನ್ನು ಹೊತ್ತುಕೊಂಡು ಬಂದು ಎಮ್ಮೆಯ ಮುಂದೆ ರಾಶಿ ಹಾಕಿದ. ಅದು ಬಿಟ್ಟೀತೇ? ತಿಂದು ತಿಂದು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತು, ಗಾಡಿಯಲ್ಲಿ ಹೇರಿ ನಾಗವೇಣಿಯ ಹತ್ತಿರ ತಂದರು. ಹನುಮೇಶನಿಗೆ ಸುದ್ದಿ ಮುಟ್ಟಿ, ಅವನು ರಾಯಚೂರಿನಿಂದ ಮೋಟರ್ ಸೈಕಲ್ ಹೊಡೆದುಕೊಂಡು ಬಂದು, ಅದು ಎದ್ದು ಸಗಣಿ ಹಾಕುವ ತನಕ ದನದ ದವಾಖಾನೆಯ ಅಂಗಳ ಬಿಟ್ಟು ಹೋಗಲಿಲ್ಲವಂತೆ. ಎಮ್ಮೆ ಅವನದಲ್ಲ. ಇಷ್ಟೇ ನಾಗವೇಣಿ ಹೇಳಿದ್ದು. ಹೆಚ್ಚು ಹೇಳುವ ಸ್ವಭಾವ ಅವಳದಲ್ಲ.

ಅಮರೇಶನಿಗೆ ಫೋನು ಮಾಡಿದಳು. "ನಮ್ಮವ್ವ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ," ಎಂದು ಅವನು ಭಾರವನ್ನೆಲ್ಲ ನನ್ನ ತಲೆಗೆ ಹೊರಿಸಿ ಕೈ ತೊಳೆದುಕೊಂಡ. ಅದಕ್ಕೆ ಕಾರಣ ಇದೆ.

ಅವನು ಇನ್ನೂ ಹುಡುಗನಾಗಿದ್ದಾಗ ನಮ್ಮ ಊರಿನಲ್ಲಿ ಸೇಂದಿ ಅಂಗಡಿ ಇತ್ತು. ಸೇಂದಿ ಎಂದರೆ ಈಚಲ ಮರದಿಂದ ಇಳಿಸಿದ ಹೆಂಡ. ಆದರೆ ಊರ ಸುತ್ತ ಇದ್ದ ಈಚಲ ಮರಗಳಿಗಿಂತ ಅಂಗಡಿಯ ಗಡಿಗೆಗಳೇ ಹೆಚ್ಚಿದ್ದವು. ಮರದಿಂದ ಇಳಿಯದೆ ಉಳಿದದ್ದನ್ನು ನೀರು ಮತ್ತು ಯಾವುದೋ ಪುಡಿ ಭರ್ತಿ ಮಾಡುತ್ತಿದ್ದವು. ಕುಡಿದವರು ಹಾಡುತ್ತಲೂ ಇರಲಿಲ್ಲ, ಬಡಿದಾಡುತ್ತಲೂ ಇರಲಿಲ್ಲ, ಗೋಡೆಗೆ ಆತುಕೊಂಡು ಕಣ್ಣು ತೇಲಿಸಿ ಕೂಡುತ್ತಿದ್ದರು. ಆಗ ಊರಿಗೆ ದೀಪ ಹಚ್ಚುವ ಹೊತ್ತಿನ ಅಕ್ಷರ ಶಾಲೆ ಬಂತು. ಹೆಂಗಸರು ಹೋದೆವು. ಹೆಸರು ಬರೆಯುವುದು ಬರುವಷ್ಟರಲ್ಲಿ ನಮಗೆ ಒಂದೆಡೆ ಸೇರಿ ಕೂಡುವುದು ರೂಢಿಯಾಗಿತ್ತು. ಅಕ್ಷರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಒಂದು ಸಂಜೆ ಪಾಟಿ ಬಳಪ ಕೆಳಗಿಟ್ಟು ಒನಕೆ ಎತ್ತಿಕೊಂಡು ಅಂಗಡಿಗೆ ಹೋದೆವು. ನನ್ನ ಗಂಡ ಅಲ್ಲೇ ಇದ್ದ. ನಾನು ಒಡೆದ ಮೊದಲನೆಯ ಗಡಿಗೆ ಅವನ ಮುಂದಿನದು. ಮನೆಗೆ ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು: "ನಂದು ಮುಗಿಯೋತನಕ ತಡೀಬೇಕಿತ್ತು." ಅಂಗಡಿ ಮುಚ್ಚಿತು. ಅವನು ಕೆಲವು ದಿನ ಕೈ ನಡುಗಿಸುತ್ತ ಮಲಗಿದ್ದ, ಆಮೇಲೆ ಎದ್ದು ಹೊಲಕ್ಕೆ ಹೋದ, ಬಹಳ ವರ್ಷ ಬದುಕಿದ. ಉಪಕಾರವಾಯಿತು ಎಂದು ಅವನೂ ಅನ್ನಲಿಲ್ಲ, ನಾನೂ ಕಾಯಲಿಲ್ಲ.

ಆ ಒನಕೆಯ ಸುದ್ದಿ ನಮ್ಮ ಬಳಗದ ಯಾವ ಮನೆಗೆ ಹೋದರೂ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಅಂಥವಳ ಮನೆಯ ಹೆಣ್ಣನ್ನು ಬಿಯರು ಕುದಿಸುವವನಿಗೆ ಕೊಡುವುದು ಎಂದರೆ ನಾನೇ ಬಾಯಿ ಬಿಟ್ಟು ಹೇಳಬೇಕು. ಬೇರೆಯವರು ಹೇಳಿದರೆ ನಡೆಯುವುದಿಲ್ಲ.

"ನೀ ಬ್ಯಾಡ ಅಂದ್ರ ಬಿಡ್ತೀನಿ ಆಯಿ," ಎಂದಳು ನಾಗವೇಣಿ. "ಆದ್ರ ನೋಡಲಾರ್ದ ಬ್ಯಾಡ ಅನಬ್ಯಾಡ."

ಬಿಡುತ್ತೇನೆ ಎಂದವಳ ಮುಖ ನೋಡಿದೆ. ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರಗೆಳೆಯುವಾಗಲೂ ಅವಳ ಮುಖ ಹಾಗೆ ಆಗಿದ್ದನ್ನು ನಾನು ಕಂಡಿಲ್ಲ. ನೋಡೋಣ ನಡೆ ಎಂದೆ.

ಹುಡುಗನ ಮನೆತನ ನೋಡಲು ನಮ್ಮಲ್ಲಿ ಹಿರಿಯರು ಹೋಗುತ್ತಾರೆ, ಹುಡುಗಿ ಹೋಗುವುದಿಲ್ಲ. ಈಗ ಕಾರು ಹೊಡೆಯುವವಳೇ ಹುಡುಗಿ. ಏನು ಮಾಡುವುದು? ಡ್ರೈವರ್ ಎಂದು ತಿಳಿದುಕೊಂಡೆ. ಇನ್ನೊಂದು ಕಟ್ಟು ಇದೆ, ಅದನ್ನು ಮಾತ್ರ ನಾನು ಬಿಡಲಿಲ್ಲ. ಒಪ್ಪಿಗೆ ಆಗುವ ತನಕ ಆ ಮನೆಯಲ್ಲಿ ನೀರು ಸಹ ಗಂಟಲಿಗೆ ಇಳಿಸಬಾರದು. ಇಳಿಸಿದಿರೋ, ಹೆಣ್ಣು ಕೊಟ್ಟಂತೆ. ಆಮೇಲೆ ಅವರು ನಿಮ್ಮ ಬಾಯಿಗೆ ಸಕ್ಕರೆ ಹಾಕುತ್ತಾರೆ, ಮಾತು ಮುಗಿಯಿತು. ಬಿಸಿಲಿಗೆ ಸೋತು ಒಂದು ತಂಬಿಗೆ ನೀರು ಕುಡಿದು, ಅದಕ್ಕಾಗಿ ಮಗಳನ್ನು ಕೊಟ್ಟ ಗಂಡಸರನ್ನು ನಾನು ಬಲ್ಲೆ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಇಂಥ ಪದ್ಧತಿ ಮಾಡಿದವರು ಗಂಡಿನ ಕಡೆಯವರೇ ಇರಬೇಕು. ನಾನು ಬಾಟಲಿಯಲ್ಲಿ ನೀರು ತುಂಬಿಕೊಂಡೆ.

ನಾಗವೇಣಿ ಇದಕ್ಕೆಲ್ಲ ಊರು ನೋಡುವುದು ಎಂದು ಹೆಸರು ಕೊಟ್ಟಿದ್ದಳು. ದೇವದುರ್ಗದಲ್ಲೇ ಇದ್ದು ನಾನು ದೇವದುರ್ಗದ ಕೋಟೆ ನೋಡಿಲ್ಲ ಎಂದು ಮೊದಲು ಅದನ್ನೇ ತೋರಿಸಿದಳು. ಕೋಟೆ ಎಂದರೆ ಕೆಲವು ಗೋಡೆ, ಅದರ ಮೇಲೆ ಆಡು. ಗಬ್ಬೂರಿನಲ್ಲಿ ಹಳೆಯ ಗುಡಿಗಳು. ಎಷ್ಟೊಂದು ಗುಡಿ ಎಂದರೆ ಒಂದಕ್ಕೆ ಕೈ ಮುಗಿದು ತಿರುಗುವಷ್ಟರಲ್ಲಿ ಇನ್ನೊಂದಕ್ಕೆ ಬೆನ್ನು ಕೊಟ್ಟಿರುತ್ತೀರಿ. ರಾಯಚೂರಿನ ಕೋಟೆಗೆ ಬಂದೆವು. ಅಲ್ಲಿ ಗೋಡೆಯಲ್ಲಿ ಉದ್ದಾನುದ್ದ ಒಂದು ಕಲ್ಲು ಇದೆ, ಮೈತುಂಬ ಅಕ್ಷರ. ಓದಲು ಹೋದೆ. ಅಲ್ಲೊಂದು ಇಲ್ಲೊಂದು ಅಕ್ಷರ ನಮ್ಮದೇ ಇದ್ದಂತೆ ಕಂಡಿತು, ಕೂಡಿಸಿದರೆ ಮಾತಾಗಲಿಲ್ಲ. ತೆಲುಗು ಇರಬೇಕು ಎಂದಳು ನಾಗವೇಣಿ. ಹತ್ತಿರದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರ ಗೀರಿದ್ದಾರೆ, ಬಂಡಿಯ ಮುಂದೆ ಕೋಣಗಳ ಸಾಲು. ಅವಳು ಬಗ್ಗಿ ಕೋಣಗಳನ್ನೇ ನೋಡಿದಳು.

"ನೊಗ ಸರಿ ಕುಂತಿಲ್ಲ ಆಯಿ. ಹೆಗಲು ಹುಣ್ಣಾಗ್ತದ."

"ಅವು ಸತ್ತು ಎಷ್ಟೋ ಕಾಲ ಆತು, ನಡಿ."

ಆದರೆ ಆ ಚಿತ್ರ ನನಗೂ ಹಿಡಿಸಿತು. ಕಲ್ಲು ಎಳೆದ ಕೋಣಗಳ ಚಿತ್ರ ಇದೆ, ಎಳೆಸಿದ ರಾಜನ ಚಿತ್ರ ಇಲ್ಲ. ಕೋಟೆಯಲ್ಲಿ ನನಗೆ ಅರ್ಥವಾದದ್ದು ಅದೊಂದೇ. ಆ ದಿನ ಅರ್ಥವಾದ ಕಡೆಯ ಸಂಗತಿಯೂ ಹೆಚ್ಚುಕಡಿಮೆ ಅದೇ.

ಹನುಮೇಶ ಕೆಲಸ ಮಾಡುವ ಬಿಯರಿನ ಹೋಟೆಲು ಊರ ಹೊರಗೆ. ಹೊರಗಿನಿಂದ ಕಲ್ಯಾಣ ಮಂಟಪ, ಒಳಗಿನಿಂದ ದೊಡ್ಡ ಆಸ್ಪತ್ರೆ. ತಂಪು, ಗಾಜು, ಮಿರಿಮಿರಿ ಮಿಂಚುವ ಉಕ್ಕಿನ ಪೀಪಾಯಿಗಳು. ನನ್ನ ಮೂಗು ಸೇಂದಿಯ ಹುಳಿ ವಾಸನೆಗೆ ಸಿದ್ಧವಾಗಿ ಬಂದಿತ್ತು. ಬಂದದ್ದು ಸೀತನಿಯ ವಾಸನೆ, ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟಾಗ ಬರುತ್ತದಲ್ಲ, ಅದು. ಮೊದಲ ಗೊಂದಲ ಅಲ್ಲೇ ಶುರುವಾಯಿತು. ಸಿಟ್ಟು ಮಾಡಲು ಬಂದವರಿಗೆ ಸೀತನಿಯ ವಾಸನೆ ತೋರಿಸಬಾರದು.

ಹನುಮೇಶ ಮೊಣಕಾಲ ತನಕ ರಬ್ಬರ್ ಬೂಟು ಹಾಕಿಕೊಂಡು ಬಂದ. ಕಾಲಿಗೆ ಬಿದ್ದ. ಕಡ್ಡಿಯಂಥ ಹುಡುಗ. ನಾನು ಮುಖ ನೋಡುವವಳಲ್ಲ, ಕೈ ನೋಡಿದೆ. ನೀರಿನಲ್ಲಿ ನೆಂದು ನೆಂದು ಬಿಳಿಚಿಕೊಂಡ ಕೈ, ಮದುವೆ ಮನೆಯಲ್ಲಿ ಮುಸುರೆ ತಿಕ್ಕುವ ಹೆಂಗಸಿನ ಕೈ.

"ಈ ಕೆಲಸದಾಗ ಅರ್ಧಕ್ಕಿಂತ ಹೆಚ್ಚು ತೊಳೆಯೋದಽ ಅದರಿ ಆಯಿ," ಎಂದ. "ಸ್ವಚ್ಛ ಇಲ್ಲಂದ್ರ ಎಲ್ಲಾ ಕೆಟ್ಟು ಹೋಗ್ತದ."

"ಕೆಡಿಸಿದ್ದನ್ನಽ ಅಲ್ಲೇನು ನೀನು ಮಾಡೋದು? ಕೆಟ್ಟದ್ದು ಮತ್ತ ಕೆಡೋದು ಹ್ಯಾಂಗ?"

ಅವನು ನಕ್ಕ. ನಗು ಕಳ್ಳನದಲ್ಲ. ಜೋಳ ಮತ್ತು ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಕುದಿಸಿ, ಒಂದು ಕಹಿ ಹೂವು ಹಾಕಿ, ಆರಿಸಿ ಇಡುತ್ತಾರಂತೆ. ಬಾಣಂತಿಗೆ ಕೊಡುವ ಮೊಳಕೆ ಹಿಟ್ಟಿನ ಗಂಜಿಯೂ ಅರ್ಧ ದಾರಿ ಹೀಗೇ ಹೋಗುತ್ತದೆ. ಎಲ್ಲಿ ತಿರುಗಿಕೊಂಡು ಇದು ಬಿಯರಾಯಿತು ಎಂದು ನಾನು ಮನಸ್ಸಿನಲ್ಲೇ ಆ ದಾರಿಯಲ್ಲಿ ಹಿಂದೆ ಮುಂದೆ ನಡೆದು ನೋಡಿದೆ, ತಿರುವು ಸಿಗಲಿಲ್ಲ. ನೇರ ಕೇಳಿದೆ.

"ನೀ ಕುಡಿತೀಯೇನು?"

"ರುಚಿ ನೋಡೋದು ಕೆಲಸ ಅದರಿ. ಬಾಯಾಗ ಹಾಕ್ಕೊಂಡು ಉಗುಳಿಬಿಡ್ತೀನಿ."

"ಉಗುಳೋ ಸಲುವಾಗಿ ಇಷ್ಟು ಪೀಪಾಯಿ?"

"ನಾ ಉಗುಳ್ತೀನ್ರಿ. ಮಂದಿ ಕುಡಿತಾರ."

ಮಂದಿಯನ್ನು ನೋಡಿದೆ. ಗೋಡೆಗೆ ಆತುಕೊಂಡವನು ಒಬ್ಬನಾದರೂ ಸಿಗುತ್ತಾನೆ ಎಂದು ಹುಡುಕಿದೆ. ಒಂದು ಕಡೆ ಹುಟ್ಟುಹಬ್ಬದ ಕೇಕು. ಒಂದು ಕಡೆ ಹೆಣ್ಣುಮಕ್ಕಳು ಮರದ ಹಲಗೆಯ ಮೇಲೆ ಔಷಧಿ ಕೊಟ್ಟಂತೆ ಸಣ್ಣ ಸಣ್ಣ ಗ್ಲಾಸು ಇಟ್ಟುಕೊಂಡು, ಕುಡಿಯುವ ಮೊದಲು ಅದರ ಫೋಟೊ ತೆಗೆಯುತ್ತಿದ್ದರು. ಸೇಂದಿ ಕುಡಿಯುವವರು ಯಾರ ಕಣ್ಣಿಗೂ ಬೀಳದಂತೆ ಕುಡಿಯುತ್ತಿದ್ದರು, ಇವರು ಎಲ್ಲರಿಗೂ ತೋರಿಸಿ ಕುಡಿಯುತ್ತಾರೆ. ಯಾವುದು ವಾಸಿ? ಮೂಲೆಯಲ್ಲಿ ಒಬ್ಬ ಕಣ್ಣು ತೇಲಿಸಿ ಕೂತಿದ್ದ. ಸಿಕ್ಕಿದೆಯಲ್ಲಪ್ಪ ಎಂದುಕೊಂಡೆ. ನೋಡಿದರೆ ಅವನ ಎದುರು ಟೀವಿಯಲ್ಲಿ ಕ್ರಿಕೆಟ್ಟು.

ಆದರೆ ಇನ್ನೊಬ್ಬನಿದ್ದ. ಪ್ರತಿ ಗ್ಲಾಸಿಗೂ ಅವನ ದನಿ ಒಂದು ಮೆಟ್ಟಿಲು ಏರುತ್ತಿತ್ತು. ಹೆಂಡತಿ ಅವನ ಮುಂದಿನ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಆ ಹೆಂಗಸಿನ ಪರಿಚಯ ನನಗಿಲ್ಲ. ಆ ನೋಟದ ಪರಿಚಯ ಇದೆ.

"ಅವಗ ಇನ್ನೊಂದು ಕೊಡ್ತೀರೇನು?" ಎಂದು ಹನುಮೇಶನನ್ನು ಕೇಳಿದೆ.

ಅವನು ಆ ಕಡೆ ನೋಡಿದ. ಕೊಡೋದು ನಾನಲ್ಲ ಎಂದು ಬಾಯಿಗೆ ಬಂದದ್ದು ಕಂಡಿತು, ಅದನ್ನು ನುಂಗಿಕೊಂಡ. "ಅದಽ ನನಗೂ ತ್ರಾಸ ಅನಸ್ತದರಿ ಆಯಿ," ಎಂದ. ಎದ್ದು ಹೋಗಿ ಬಡಿಸುವವನ ಕಿವಿಯಲ್ಲಿ ಏನೋ ಹೇಳಿ ಬಂದ. ಆ ಗಂಡಸಿಗೆ ಆಮೇಲೆ ಬಂದದ್ದು ನಿಂಬೆಹಣ್ಣಿನ ಶರಬತ್ತು. ಅವನು ರೇಗಿದ. ಹೆಂಡತಿ ಅದನ್ನು ತಾನೇ ಕುಡಿದಳು.

ನನ್ನ ಮುಂದೆ ಇಟ್ಟ ಗ್ಲಾಸನ್ನು ನಾನು ಮುಟ್ಟಲಿಲ್ಲ. ನೊರೆ ತಾನಾಗಿ ಕುಸಿದು ಕೂತಿತು. ಹೊರಡುವಾಗ ಹನುಮೇಶ ಜೋಳದ ಬಿಯರನ್ನು ಒಂದು ಉಕ್ಕಿನ ಫ್ಲಾಸ್ಕಿನಲ್ಲಿ ತುಂಬಿದ. "ಸಾಯಂಕಾಲದೊಳಗ ಮನಸಾದ್ರ ಒಂದು ಹನಿ ನೋಡ್ರಿ," ಎಂದ. ಮಧ್ಯಾಹ್ನದ ಮೇಲೆ ರಜೆ ಕೇಳಿಕೊಂಡು ತಾನು ಮೋಟರ್ ಸೈಕಲ್ ಮೇಲೆ ಮಾನ್ವಿಗೆ ಬರುವುದಾಗಿಯೂ ಹೇಳಿದ.

ನಾವು ಕಲ್ಲೂರಿನ ಮೇಲೆ ಹಾಯ್ದು ಹೋದೆವು. ಅಲ್ಲಿಯ ಲಕ್ಷ್ಮಿಯ ಗುಡಿಗೆ ಬಾಗಿಲು ಹಾಕುವ ಹೊತ್ತಿಗೆ ಮುಟ್ಟಿದೆವು. ಪೂಜಾರಿ ಹೆಸರು ಕೇಳಿದರು, ಹೇಳಿದೆ. ಏನು ಬೇಡಿಕೊಳ್ಳಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಮದುವೆ ಆಗಲಿ ಎಂದೋ, ತಪ್ಪಲಿ ಎಂದೋ? ಸುಮ್ಮನೆ ನಿಂತು ಬಂದೆ. ದೇವಿಯಾದರೂ ಏನು ಮಾಡಿಯಾಳು, ಅರ್ಜಿಯಲ್ಲಿ ವಿಷಯವೇ ಇಲ್ಲದ ಮೇಲೆ.

ಅಲ್ಲಿಂದ ಮುಂದೆ ಕಾಲುವೆಯ ಸೀಮೆ, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ನಾನು ಸಣ್ಣವಳಿದ್ದಾಗ ಇಲ್ಲೆಲ್ಲ ಜೋಳ ಇತ್ತು. ನೀರು ಬಂತು, ಜೋಳ ಹೋಯಿತು. ಈಗ ಜೋಳ ಬೆಳೆಯುತ್ತಿದ್ದವರು ಅನ್ನ ಉಣ್ಣುತ್ತಾರೆ, ಅನ್ನ ಉಣ್ಣುತ್ತಿದ್ದವರು ಜೋಳ ಕುಡಿಯುತ್ತಾರೆ. ಮಗನ ಮನೆಯಲ್ಲಿ ರೊಟ್ಟಿ ಮಾಡಿದರೆ ಮುಖ ಸೊಟ್ಟ ಮಾಡುವ ಹುಡುಗರೇ ನಾಳೆ ಆ ಹೋಟೆಲಿನಲ್ಲಿ ಕೂತು ಜೋಳದ ಫೋಟೊ ತೆಗೆದಾರು. ಹೀಗೆಲ್ಲ ಯೋಚಿಸುವಾಗ ಕೋಟೆಯಲ್ಲೇ ಅರ್ಧ ಮಾಡಿದ್ದ ನೀರಿನ ಬಾಟಲಿ ಖಾಲಿಯಾದದ್ದು ಗೊತ್ತಾಗಲಿಲ್ಲ. ಗೊತ್ತಾದಾಗ ಮಾನ್ವಿಯ ಆ ಓಣಿಯಲ್ಲಿ, ಆ ಮನೆಯ ಮುಂದೆಯೇ ನಿಂತಿದ್ದೆವು.

ಹನುಮೇಶನ ತಾಯಿ ಹುಲಿಗೆಮ್ಮ ಹೊಸ್ತಿಲಲ್ಲಿ ಇದ್ದಳು. ನನ್ನ ವಾರಿಗೆಗಿಂತ ಸ್ವಲ್ಪ ಸಣ್ಣವಳು, ಗಂಡ ಇಲ್ಲ. ನಾವು ಕಾರಿನಿಂದ ಇಳಿಯುವುದಕ್ಕೂ ಮಗ ಗಾಡಿ ನಿಲ್ಲಿಸುವುದಕ್ಕೂ ಸರಿಹೋಯಿತು. ಅವಳು ನಮ್ಮನ್ನು ಕರೆಯಲಿಲ್ಲ. ಮೊದಲು ಮಗನ ಕಡೆ ಗದ್ದ ಎತ್ತಿದಳು. ಅವನು ಅವಳ ಮುಂದೆ ಬಗ್ಗಿ ಬಾಯಿ ತೆರೆದ. ಅವಳು ಮೂಗು ಹತ್ತಿರ ತಂದು ಒಂದು ಉಸಿರು ಎಳೆದುಕೊಂಡಳು. ತಲೆ ಆಡಿಸಿದಳು. ಆಮೇಲೆ, "ಬರ್ರಿ ಯವ್ವಾ, ಬರ್ರಿ, ಬಿಸಲಾಗ ಬಂದೀರಿ," ಎಂದಳು. ಇದು ಯಾವ ನಮೂನೆಯ ಮುದ್ದು ಎಂದು ನನಗೆ ತಿಳಿಯಲಿಲ್ಲ. ಒಂದೊಂದು ಮನೆಗೆ ಒಂದೊಂದು ರೀತಿ ಇರುತ್ತದೆ ಎಂದುಕೊಂಡು ಒಳಗೆ ಹೋದೆ.

ನೀರು ತಂದಳು. ಬೇಡ ಎಂದೆ. ಮಂಡಾಳು ಒಗ್ಗರಣೆ, ಅಂದರೆ ಮಂಡಕ್ಕಿಯದು, ಮೇಲೆ ಬಿಸಿ ಮಿರ್ಚಿ ತಂದಳು. ಬೇಡ ಎಂದೆ. "ಗೊತ್ತದ ಬಿಡ್ರಿ, ನಮ್ಮಲ್ಲೂ ಹಂಗಽ," ಎಂದು ತಟ್ಟೆಯನ್ನು ನನ್ನ ಮೂಗಿಗೆ ಮುಟ್ಟುವಷ್ಟು ಹತ್ತಿರದಲ್ಲಿ ಇಟ್ಟು ಎದುರು ಕೂತಳು. ನಾನು ಎದ್ದು ಮನೆ ನೋಡಿದೆ. ಅಡುಗೆ ಮನೆಯ ಡಬ್ಬಿ ತೆಗೆದು ನೋಡಿದೆ, ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದೆ. ನಲ್ಲಿಯಲ್ಲಿ ನೀರು ಬಂತು. ಬಾರದಿದ್ದರೆ ಚೆನ್ನಾಗಿತ್ತು. ನನ್ನ ಗಂಟಲು ಅದನ್ನೇ ನೋಡುತ್ತಿತ್ತು.

ಹಿಂದಕ್ಕೆ ಬಂದು ಕೂತಾಗ ನಾಗವೇಣಿ ಕಾರಿನಿಂದ ತಂದಿಟ್ಟಿದ್ದ ಫ್ಲಾಸ್ಕು ಕಂಡಿತು. ಬಂದ ಕೆಲಸ ಮಾಡಿಬಿಡೋಣ ಅನಿಸಿತು. ಅದನ್ನು ಕುಡಿಯುವುದು ನನ್ನ ಉದ್ದೇಶ ಅಲ್ಲ, ದೇವರಾಣೆ. ಹುಡುಗನೇ ಹೇಳಿದ್ದನಲ್ಲ, ರುಚಿ ನೋಡಿ ಉಗುಳುವುದೇ ಪರೀಕ್ಷೆಯ ಕ್ರಮ ಎಂದು. ಹೆಂಡದ ಹುಳಿ ಇದೆಯೋ ಇಲ್ಲವೋ ನಾಲಿಗೆಗೆ ಮುಟ್ಟಿಸಿ ನೋಡಿ, ಅಂಗಳಕ್ಕೆ ಉಗುಳಿ, ತೀರ್ಪು ಹೇಳಿ ಎದ್ದು ಬರುವುದು ಎಂದು ಲೆಕ್ಕ ಹಾಕಿದೆ. ಪದ್ಧತಿಯಲ್ಲಿ ನೀರು, ಚಹಾ, ಊಟ ಎಂದು ಹಿರಿಯರು ಹೇಳಿದ್ದಾರೆ; ಹೆಂಡದ ಮಾತು ಯಾರೂ ಎತ್ತಿಲ್ಲ. "ಹಾಕಪ್ಪ ಒಂದೀಟು," ಎಂದೆ.

ಹನುಮೇಶ ಸ್ಟೀಲಿನ ಲೋಟಕ್ಕೆ ಸುರಿದ. ಬಿಸಿ ಹಾಲಿನ ಕೆನೆ ಸರಿಸುವಂತೆ ನಾನು ಉಫ್ ಎಂದು ನೊರೆಯನ್ನು ಆಚೆ ಊದಿ ಬಾಯಿಗಿಟ್ಟೆ. ಮೊದಲು ಹಾಗಲಕಾಯಿ. ಆಮೇಲೆ ಸುಟ್ಟ ರೊಟ್ಟಿಯ ಅಂಚು. ಇವೆರಡಕ್ಕೂ ಮೊದಲು, ಇವೆರಡರ ಮೇಲೆ, ತಂಪು. ಇಡೀ ದಿನದ ಬಿಸಿಲು ಕುಡಿದ ಗಂಟಲು ನನ್ನನ್ನು ಕೇಳಲಿಲ್ಲ. ಗುಟುಕ್ ಎಂದಿತು. ಅದರ ಹಿಂದೆಯೇ ಇನ್ನೊಂದು ಗುಟುಕು, ಅದನ್ನಂತೂ ನಾನು ಕರೆದೇ ಇರಲಿಲ್ಲ.

"ಕುಡದ್ರು!" ಹುಲಿಗೆಮ್ಮ ಎದ್ದು ನಿಂತಳು. "ಲೇ ಹನುಮ್ಯಾ, ಸಕ್ರಿ ಡಬ್ಬಿ ತಾರೋ!"

"ಸಕ್ರಿ ಯಾಕ?"

"ನಮ್ಮ ಮನಿಯಾಗ ಗಂಟಲಾಗ ಇಳಿಸಿದ್ರಿ. ಹೆಣ್ಣು ಕೊಟ್ರಿ."

"ಇದೇನು ನೀರಾ?"

"ಮತ್ತೇನ್ರಿ?"

"ಹೆಂಡ!"

"ಹೌದಾ?" ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒನಕಿ ತಗೊಂಡು ಸೇಂದಿ ಗಡಿಗಿ ಒಡದಾಕಿ ಮಾನ್ವಿಗೆ ಬಂದು ಮಂದಿ ಮನಿಯಾಗ ಹೆಂಡ ಕುಡದ್ಲು ಅಂತ ಹೇಳ್ಲೇನು ಊರಾಗ?"

ನಾನು ಲೋಟ ಕೆಳಗಿಟ್ಟೆ.

"ಹೆಂಡ ಅಲ್ಲ ಅಂದ್ರ ಅದು ಉಣ್ಣೋ ತಿನ್ನೋ ಪದಾರ್ಥ. ಹಂಗಾದ್ರ ಬೀಗರಾದ್ವಿ. ಯಾವುದು ಅಂತ ನೀವಽ ಹೇಳ್ರಿ ಯವ್ವಾ. ನಾ ಒಪ್ಕೋತೀನಿ."

ನೋಡಿ, ಹೇಗೆ ಸಿಕ್ಕಿಕೊಂಡೆ. ಹೆಂಡ ಎಂದರೆ ಮದುವೆ ತಪ್ಪುತ್ತದೆ, ನನ್ನ ಮರ್ಯಾದೆ ಹೋಗುತ್ತದೆ. ಅಲ್ಲ ಎಂದರೆ ಮರ್ಯಾದೆ ಉಳಿಯುತ್ತದೆ, ಹೆಣ್ಣು ಹೋಗುತ್ತದೆ. ಹೋಗಲಿ, ಸತ್ಯ ಯಾವುದೋ ಅದನ್ನೇ ಹೇಳೋಣ ಎಂದರೆ ಅದು ನನಗೆ ಗೊತ್ತಿಲ್ಲ. ಎರಡು ಗುಟುಕಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಹನುಮೇಶ ಸಕ್ಕರೆ ಡಬ್ಬಿ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ಅರ್ಧಕ್ಕೆ ನಿಂತಿದ್ದ. ನಾಗವೇಣಿ ತಲೆಬಾಗಿಲಲ್ಲಿ ಕಾರಿನ ಕೀಲಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಬೆರಳು ಬೆಳ್ಳಗಾಗಿದ್ದವು. ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಬೇಡಿಕೊಂಡಂತೆ ಆದೀತು ಎಂದು.

"ನೀವು ಏನಂತೀರಿ ಇದಕ್ಕ?" ಎಂದು ಹುಲಿಗೆಮ್ಮನನ್ನೇ ಕೇಳಿದೆ. "ಹೆಂಡನೋ, ಅಲ್ಲೋ?"

ಅವಳ ಜೋರು ಇಳಿದುಹೋಯಿತು. ಕೂತಳು. "ಖರೇ ಹೇಳ್ಲೇನ್ರಿ? ನನಗೂ ಗೊತ್ತಿಲ್ಲ. ನಾ ಇದನ್ನ ಮುಟ್ಟಿ ಸೈತ ನೋಡಿಲ್ಲ."

ಅವಳ ಗಂಡನೂ ಸೇಂದಿ ಕುಡಿಯುವವನೇ. ಅಲ್ಲಿ ಒನಕೆ ಎತ್ತುವವರು ಇರಲಿಲ್ಲ, ಅವನು ಬದುಕಲಿಲ್ಲ. ಮಗ ಈ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಬಾಯಿ ಬಡಿದುಕೊಂಡಳು. ಒಂದು ವರ್ಷ ಅವನ ಕೈಯಿಂದ ನೀರು ಮುಟ್ಟಲಿಲ್ಲ.

"ಈಗ ಒಪ್ಪೀರೇನು?"

"ಎಲ್ಲಿ ಒಪ್ಪೀನ್ರಿ? ದಿನಾ ಕೆಲಸ ಮುಗಿಸಿ ಮನಿಗೆ ಬಂದ ಕೂಡಲೆ ಬಾಗಿಲಾಗ ನಿಲ್ಲಿಸಿ ಬಾಯಿ ಮೂಸ್ತೀನಿ. ಉಗುಳಿದ ವಾಸನಿ ನಾಲಿಗಿ ಮ್ಯಾಲ ಇರ್ತದ, ನುಂಗಿದ ವಾಸನಿ ಹೊಟ್ಟಿಯಿಂದ ಬರ್ತದ."

ಅದು ನನಗೂ ಗೊತ್ತು. ಪುಸ್ತಕದಲ್ಲಿ ಓದಿದ್ದಲ್ಲ.

"ಇವತ್ತಿನ ತನಕ ಬರೇ ನಾಲಿಗಿದಽ ಬಂದದ. ನಾಳಿಂದು ನನಗ ಗೊತ್ತಿಲ್ಲ," ಎಂದಳು.

"ನೀವು ಸತ್ತ ಮ್ಯಾಲ ಯಾರು ಮೂಸೋರು?"

ತಲೆಬಾಗಿಲಿನಿಂದ ನಾಗವೇಣಿಯ ದನಿ ಬಂತು. "ನಾ ದಿನಾ ದನದ ಬಾಯಿ ಮೂಸ್ತೀನಿ. ಇವನೊಬ್ಬ ಹೆಚ್ಚೇನು?"

ಹನುಮೇಶ ಡಬ್ಬಿಯನ್ನು ನೋಡುತ್ತ, "ಮೂಸ್ಲಿ ಬಿಡ್ರಿ," ಎಂದ. ಹುಲಿಗೆಮ್ಮ ಫಕ್ಕನೆ ನಕ್ಕಳು.

ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಆ ಮನೆಯಲ್ಲಿ ಯಾರೂ ತಮಗೆ ಎಲ್ಲ ಗೊತ್ತಿದೆ ಎನ್ನಲಿಲ್ಲ. ಬಿಯರು ಬೇರೆ, ಹೆಂಡ ಬೇರೆ, ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಪಾಠ ಮಾಡಿದ್ದರೆ ನಾನು ಎದ್ದು ಬಂದಿರುತ್ತಿದ್ದೆ. ತಾಯಿ ಹೆದರುತ್ತಾಳೆ, ಹೆದರಿ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಮಗ ಮೂವತ್ತರ ಹತ್ತಿರ ಬಂದವನು, ದಿನಾ ಬಗ್ಗುತ್ತಾನೆ, ಬೀಗರ ಎದುರು ಸಹ ಬಗ್ಗಿದ. ಇಷ್ಟರ ಮೇಲೆ ಹೆಣ್ಣು ಕೊಡಬಹುದೋ ಬಾರದೋ ನನಗೆ ಈಗಲೂ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಇದಕ್ಕಿಂತ ಕಡಿಮೆ ನೋಡಿ ಕೊಟ್ಟಿದ್ದಾರೆ.

"ಸಕ್ರಿ ತಾ," ಎಂದೆ. ಬಾಯಿ ತೆರೆದೆ.

ಹುಲಿಗೆಮ್ಮ ಒಂದು ಹಿಡಿ ಹಾಕಿದಳು. ಹಾಗಲಕಾಯಿಯ ಮೇಲೆ ಸಕ್ಕರೆ ಬಿದ್ದು ಬಾಯಲ್ಲಿ ಏನೇನೋ ಆಯಿತು. ಲೋಟದಲ್ಲಿ ಇನ್ನೂ ಉಳಿದಿತ್ತು. "ಶುಭದ ಹೊತ್ತಿನ್ಯಾಗ ಎಂಜಲು ಬಿಡಬಾರ್ದ್ರಿ, ಮುಗಿಸಿಬಿಡ್ರಿ," ಎಂದು ಹೇಳಿದಳು ಪುಣ್ಯಾತ್ಗಿತ್ತಿ.

"ಬೀಗತಿ ಅಂದ ಮ್ಯಾಲ ಅರ್ಧ ನಿಮ್ಮದು," ಎಂದು ಅವಳಿಗೆ ಇನ್ನೊಂದು ಲೋಟ ತರಿಸಿ ಬಗ್ಗಿಸಿದೆ. ಅವಳು ಬೇಡ ಬೇಡ ಎಂದು ಗೋಡೆಯ ತನಕ ಹಿಂದೆ ಸರಿದಳು. ಗೋಡೆ ಬಂದ ಮೇಲೆ ಏನು ಮಾಡುತ್ತಾಳೆ? ಮೂಗು ಹಿಡಿದುಕೊಂಡು ಎತ್ತಿದಳು. ನಾನೂ ಎತ್ತಿದೆ. ಹೆಂಡವನ್ನು ಜೀವಮಾನವೆಲ್ಲ ಬೈದ ಇಬ್ಬರು ಮುದುಕಿಯರು ಮುಖ ಹಿಂಡಿಕೊಂಡು ಬಿಯರು ಕುಡಿದು ಒಂದು ಮದುವೆ ಗೊತ್ತು ಮಾಡಿದೆವು. ಹುಲಿಗೆಮ್ಮ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿ, "ಈಗ ನೀ ಮೂಸಲೇ," ಎಂದು ಬಾಯಿ ತೆರೆದಳು. ಅವನು ಗಂಭೀರವಾಗಿ ಬಗ್ಗಿ ಮೂಸಿ, "ಇವತ್ತು ಸ್ವಲ್ಪ ಹೆಚ್ಚಾಗ್ಯದ ಬೇ," ಎಂದ.

ಒಗ್ಗರಣೆ ಆರಿ ಹೋಗಿತ್ತು. ಆದರೂ ಎರಡು ಸಲ ಹಾಕಿಸಿಕೊಂಡು ತಿಂದೆ.

ದೇವದುರ್ಗದ ದಾರಿಯಲ್ಲಿ ಅರ್ಧ ಬಂದಿರಲಿಲ್ಲ, ಕಾರು ನಿಲ್ಲಿಸು ಎಂದೆ. ಬಿಯರಿನ ವಿಷಯದಲ್ಲಿ ನನಗೆ ಖಾತ್ರಿಯಾಗಿ ತಿಳಿದ ಸಂಗತಿ ಇದೊಂದೇ: ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುತ್ತದೆ. ಹೊತ್ತು ಇಳಿಯುತ್ತಿತ್ತು. ನಾನು ಜಾಲಿ ಗಿಡದ ಮರೆಗೆ ಹೋದೆ, ನಾಗವೇಣಿ ರಸ್ತೆಗೆ ಮುಖ ಮಾಡಿ ಕಾವಲು ನಿಂತಳು. ಇಡೀ ದಿನ ಕೇಳದೆ ಇಟ್ಟುಕೊಂಡಿದ್ದನ್ನು ಆಗ ಕೇಳಿದಳು. ಬೆನ್ನು ತಿರುಗಿಸಿ ನಿಂತಾಗ ಕೆಲವು ಮಾತು ಸುಲಭ ಎಂದು ಕಾಣುತ್ತದೆ.

"ಆಯಿ, ಖರೇ ಹೇಳು. ಮನಸಿನಿಂದ ಹೂಂ ಅಂದ್ಯೋ, ಸಿಕ್ಕೊಂಡು ಅಂದ್ಯೋ?"

"ಎದ್ದು ಬರೋತನಕ ತಡಿ."

ಸೀರೆ ಸರಿಮಾಡಿಕೊಂಡು, ಮುಳ್ಳು ತಪ್ಪಿಸಿಕೊಂಡು, ಬಂದು ಕಾರಿನಲ್ಲಿ ಕೂತೆ. ಅವಳು ಕೀಲಿ ಹಾಕಿ, ತಿರುಗಿಸದೆ ಕಾಯುತ್ತಿದ್ದಳು.

"ಸಿಕ್ಕೊಂಡಽ ಅಂದೀನಿ ಬೇ," ಎಂದೆ. "ಮನಸು ಹಿಂದಿನಿಂದ ಬರಾಕತ್ತದ. ಅದಕ್ಕೂ ವಯಸ್ಸಾಗ್ಯದ, ನಡಕೊಂಡು ಬರ್ತದ. ನೀ ಗಾಡಿ ಸಾವಕಾಶ ಹೊಡಿ."